ಎರಡು ನೆಲ ಕೂಡುವಲ್ಲಿ ಯಾವ ಪಟ್ಟಿ?

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳನ್ನು ನವೀಕರಿಸುವಾಗ ಕೋಣೆಗೊಂದು ನೆಲವಾಗುವುದು ಈಗ ಸಾಮಾನ್ಯ. ನಡುಮನೆಯಲ್ಲಿ ಅಜ್ಜನ ಕಾಲದ ರೆಡ್ ಆಕ್ಸೈಡ್ ಉಳಿದಿರುತ್ತದೆ, ಅಡುಗೆಮನೆಗೆ ವಿಟ್ರಿಫೈಡ್ ಟೈಲ್ಸ್ ಬಂದಿರುತ್ತದೆ, ಮಲಗುವ ಕೋಣೆಗೆ ಮರದಂತೆ ಕಾಣುವ ಲ್ಯಾಮಿನೇಟ್ ಹಾಸಿರುತ್ತಾರೆ. ಇವು ಬಾಗಿಲ ಬಳಿ ಕೂಡುವಲ್ಲಿ ಉಳಿಯುವ ಸಂದನ್ನು ಮುಚ್ಚುವ ಪಟ್ಟಿಯನ್ನು ಮಾತ್ರ ಹೆಚ್ಚಿನವರು ಕೆಲಸವೆಲ್ಲ ಮುಗಿದ ಮೇಲೆ ಹಾರ್ಡ್‌ವೇರ್ ಅಂಗಡಿಗಳಿರುವ ಎಸ್.ಜೆ.ಪಿ. ರಸ್ತೆಗೆ ಹೋಗಿ ಬಣ್ಣ ನೋಡಿ ತರುತ್ತಾರೆ. ನಾನೂ ಹಾಗೆಯೇ ತಂದಿದ್ದೆ. ಚಿನ್ನದ ಬಣ್ಣದ ಆ ಪಟ್ಟಿ ಒಂದು ಪಕ್ಕ ನೆಲಕ್ಕೆ ತಾಗದೆ ಎದ್ದು ನಿಂತು, ತಿಂಗಳೊಳಗೆ ಮನೆಯವರೆಲ್ಲರ ಹೆಬ್ಬೆರಳಿನ ರುಚಿ ನೋಡಿತು. ಬಣ್ಣ ಕೊನೆಗೆ, ಮೊದಲು ಅಳೆಯಬೇಕಾದದ್ದು ಎತ್ತರ.

ಮೊದಲು ಅಳತೆ. ಎತ್ತರದ ನೆಲದ ಮೇಲೆ ರಸಮಟ್ಟವನ್ನು (ಸ್ಪಿರಿಟ್ ಲೆವೆಲ್) ಇಟ್ಟು, ಅದರ ತುದಿ ತಗ್ಗಿನ ನೆಲದ ಮೇಲಕ್ಕೆ ಚಾಚುವಂತೆ ಹಿಡಿದು, ಕೆಳಗೆ ಉಳಿಯುವ ಅಂತರವನ್ನು ಸ್ಟೀಲ್ ಸ್ಕೇಲಿನಿಂದ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಿರಿ. ಹಳೆಯ ನೆಲ ಎಲ್ಲೆಡೆ ಒಂದೇ ಮಟ್ಟದಲ್ಲಿ ಇರುವುದಿಲ್ಲವಾದ್ದರಿಂದ ಬಾಗಿಲ ಎರಡು ಬದಿ ಹಾಗೂ ನಡುವೆ, ಒಟ್ಟು ಮೂರು ಕಡೆ ನೋಡಬೇಕು. ನೆಲ ಇನ್ನೂ ಹಾಸಿಲ್ಲವೆಂದರೆ ನಿಮ್ಮದು ಅದೃಷ್ಟ. ಲ್ಯಾಮಿನೇಟ್ ಸಾಮಾನ್ಯವಾಗಿ 8 ಅಥವಾ 12 ಮಿ.ಮೀ. ದಪ್ಪವಿದ್ದು ಅಡಿಯ ಫೋಮ್ ಹಾಳೆ ಇನ್ನೂ 2–3 ಮಿ.ಮೀ. ಸೇರಿಸುತ್ತದೆ, ವಿಟ್ರಿಫೈಡ್ ಟೈಲ್ 8–10 ಮಿ.ಮೀ. ಇದ್ದು ಅದರಡಿ ಅಂಟಿನ ಪದರ ಬೇರೆ. ಇದನ್ನೆಲ್ಲ ಕೂಡಿ ಗಾರೆ ಕೆಲಸದವರಿಗೆ ಮೊದಲೇ ಹೇಳಿದರೆ ಎರಡೂ ನೆಲ ಹೆಚ್ಚುಕಡಿಮೆ ಸಮಕ್ಕೆ ಬರುವಂತೆ ಅವರು ತಳವನ್ನು ಹೊಂದಿಸಿಕೊಡುತ್ತಾರೆ.

ಅಂತರಕ್ಕೆ ತಕ್ಕ ಪಟ್ಟಿ. ಅಂತರ 2–3 ಮಿ.ಮೀ. ಒಳಗಿದ್ದರೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಪಟ್ಟಿ ಸಾಕು. ಅದರ ಕಾಲು ಸಂದಿನೊಳಗೆ ಇಳಿದು, ತಲೆ ಎರಡೂ ನೆಲದ ಅಂಚನ್ನು ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಒಂದು ಬದಿ ಇಳಿಜಾರಾಗಿರುವ ರೆಡ್ಯೂಸರ್ ಬೇಕು. ಮನೆಯಲ್ಲಿ ವಾಕರ್ ಹಿಡಿದು ನಡೆಯುವ ಹಿರಿಯರಿದ್ದರೆ ಅಗಲ ಹೆಚ್ಚಿರುವ, ಅಂದರೆ ಇಳಿಜಾರು ನಿಧಾನವಾಗಿರುವ ರೆಡ್ಯೂಸರನ್ನೇ ಕೇಳಿ ಪಡೆಯಿರಿ. ಮುಕ್ಕಾಲು ಇಂಚು ದಾಟಿದರೆ ಲೋಹದ ಪಟ್ಟಿಯ ಗೊಡವೆಗೆ ಹೋಗದೆ, ಅಂಚು ಓರೆಯಾಗಿ ತಿಕ್ಕಿಸಿದ ಗ್ರಾನೈಟ್ ಪಟ್ಟಿ ಕೂರಿಸುವುದೇ ಮೇಲು. ಟೈಲಿನ ಅಡಿಗೆ ಸೇರುವ ಎಲ್ ಆಕಾರದ ಅಂಚುಪಟ್ಟಿಯನ್ನು ಟೈಲ್ ಕೂರಿಸುವಾಗಲೇ ಇಡಬೇಕು. ಆಮೇಲೆ ನೆನಪಾದರೆ ಉಪಯೋಗವಿಲ್ಲ.

ಸಂದನ್ನು ತುಂಬಬೇಡಿ. ಲ್ಯಾಮಿನೇಟ್ ನೆಲವನ್ನು ತಳಕ್ಕೆ ಅಂಟಿಸಿರುವುದಿಲ್ಲ. ಮಳೆಗಾಲದ ತೇವಕ್ಕೆ ಅದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಿಗ್ಗಲು 8–10 ಮಿ.ಮೀ. ಜಾಗ ಬಿಟ್ಟಿರುತ್ತಾರೆ. ಚೆಂದ ಕಾಣಲೆಂದು ಅಲ್ಲಿ ವೈಟ್ ಸಿಮೆಂಟ್ ತುಂಬಿದರೆ ಹಿಗ್ಗಿದ ಹಲಗೆಗಳು ಬೇರೆ ದಾರಿ ಕಾಣದೆ ಕೋಣೆಯ ನಡುವೆ ಉಬ್ಬುತ್ತವೆ. ಪಟ್ಟಿಯ ಸ್ಕ್ರೂ ಕೂಡ ಲ್ಯಾಮಿನೇಟಿಗೆ ಚುಚ್ಚದೆ ಸಂದಿನ ಮೂಲಕ ಕೆಳಗಿನ ಸಿಮೆಂಟಿಗೆ ಇಳಿಯಬೇಕು.

ಜಾಗ. ಬಾಗಿಲನ್ನು ಪೂರ್ತಿ ಮುಚ್ಚಿ, ಅದರ ಎರಡೂ ಮುಖಗಳ ನೇರಕ್ಕೆ ನೆಲದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಆ ಎರಡು ಗೆರೆಗಳ ನಡುಮಧ್ಯೆ ಪಟ್ಟಿಯ ಮಧ್ಯಭಾಗ ಬಂದರೆ, ಬಾಗಿಲು ಹಾಕಿದಾಗ ಯಾವ ಕೋಣೆಯಿಂದ ನೋಡಿದರೂ ಆ ಕೋಣೆಯ ನೆಲವಷ್ಟೇ ಕಾಣುತ್ತದೆ. ಪಟ್ಟಿ ನೆಲದಿಂದ ಕೆಲವು ಮಿಲಿಮೀಟರ್ ಮೇಲೇಳುವುದರಿಂದ ಬಾಗಿಲಿನ ತಳ ಉಜ್ಜುವುದೇ ಎಂದು ಆಗಲೇ ನೋಡಿ, ಬೇಕಿದ್ದರೆ ಬಡಗಿಯಿಂದ ಹತ್ತರಿ ಹೊಡೆಸಿ.

ಯಾವ ಲೋಹ? ಬಚ್ಚಲುಮನೆಯ ಬಾಗಿಲಿಗೆ ಗ್ರಾನೈಟ್, ಇಲ್ಲವೇ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ನಾವು ಆಸಿಡ್ ಹಾಕಿ ಬಚ್ಚಲು ತೊಳೆಯುವ ಜನ; ಅಲ್ಯೂಮಿನಿಯಂ ಪಟ್ಟಿಯ ಬಣ್ಣ ಅದಕ್ಕೆ ತಡೆಯದು, ಸ್ಟೀಲಿನ ಮೇಲೂ ಆಸಿಡ್ ನಿಲ್ಲದಂತೆ ಕೂಡಲೇ ನೀರು ಹಾಕಿ ತೊಳೆಯಬೇಕು. ರೆಡ್ ಆಕ್ಸೈಡ್ ಪಕ್ಕದಲ್ಲಿ ಹಿತ್ತಾಳೆಯಷ್ಟು ಒಪ್ಪುವುದು ಇನ್ನೊಂದಿಲ್ಲ, ಆದರೆ ದೇವರಮನೆಯ ದೀಪದ ಕಂಬದಂತೆ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ಮೈಮೇಲೆ ಬರುತ್ತದೆ. ಬಾಡಿಗೆ ಮನೆಗೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿ ಸಾಕು.

ಕೂರಿಸುವಾಗ. ರೆಡ್ ಆಕ್ಸೈಡ್ ನೆಲಕ್ಕೆ ಡ್ರಿಲ್ ಹಾಕಿದರೆ ಚಕ್ಕೆ ಏಳುತ್ತದೆ, ಆದ್ದರಿಂದ ಅಲ್ಲಿ ನಿರ್ಮಾಣದ ಅಂಟನ್ನೇ (ಕನ್‌ಸ್ಟ್ರಕ್ಷನ್ ಅಡ್ಹೆಸಿವ್) ಬಳಸಿ, ಒಣಗುವವರೆಗೆ ಮೇಲೆ ಭಾರ ಹೇರಿಡಿ. ಬಚ್ಚಲುಮನೆಯ ಬಾಗಿಲಡಿ ನೀರಿನ ಪೈಪ್ ಹಾದಿರಬಹುದು. ಪ್ಲಂಬರನ್ನು ಕೇಳದೆ ತೂತು ಕೊರೆಯಬೇಡಿ. 8 ಅಡಿಯ ಪಟ್ಟಿಯಲ್ಲಿ 3 ಅಡಿಯ ಬಾಗಿಲು ಎರಡೇ ಬರುತ್ತವೆ, ಉಳಿದ 2 ಅಡಿ ಯಾವುದಕ್ಕೂ ಸಾಲದು. ಹೀಗಾಗಿ ಅಂಗಡಿಗೆ ಹೋಗುವ ಮುನ್ನ ಬಾಗಿಲುಗಳ ಅಗಲವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಜೊತೆಗೆ ಲ್ಯಾಮಿನೇಟಿನ ಒಂದು ತುಂಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬಣ್ಣ ನೋಡುವುದು ಆಗ.