ಕಪ್ಪೆಯ ಎಳೆ ಭ್ರೂಣದಲ್ಲಿ ನ್ಯೂಕ್ಲಿಯೋಲಸ್ ಹುಡುಕುವುದು: ನನ್ನ ಅನುಭವ

ಝೆನೋಪಸ್ ಲೇವಿಸ್ ಕಪ್ಪೆಯ ಭ್ರೂಣ ಸ್ವಂತ ರೈಬೋಸೋಮಲ್ ಆರ್‌ಎನ್‌ಎ ತಯಾರಿಸುವ ಮೊದಲೇ ನ್ಯೂಕ್ಲಿಯೋಲಸ್‌ಗೆ (ಕೋಶಕೇಂದ್ರದೊಳಗೆ ಆ ಆರ್‌ಎನ್‌ಎ ತಯಾರಾಗಿ, ಪ್ರೋಟೀನ್ ಕಟ್ಟುವ ರೈಬೋಸೋಮುಗಳು ರೂಪುಗೊಳ್ಳುವ ಜಾಗ) ಬೇಕಾದ ಸರಂಜಾಮು ಕೋಶಕೇಂದ್ರದೊಳಗೆ ಬಂದು ಕೂತಿರುತ್ತದೆ. ಫೈಬ್ರಿಲ್ಲಾರಿನ್, ನ್ಯೂಕ್ಲಿಯೋಲಿನ್ ಎಂಬ ಪ್ರೋಟೀನುಗಳು, ತಾಯಿ ಮೊಟ್ಟೆಯಲ್ಲಿಟ್ಟ, ಇನ್ನೂ ಪೂರ್ತಿ ಸಿದ್ಧವಾಗದ ರೈಬೋಸೋಮಲ್ ಆರ್‌ಎನ್‌ಎ, ಎಲ್ಲವೂ ಪುಟ್ಟ ಚುಕ್ಕೆಗಳಾಗಿ ಕಾಣುತ್ತವೆ. ಇದನ್ನು ಹಿಡಿಯಲು ಆಂಟಿಬಾಡಿಗಿಂತ (ಒಂದೊಂದು ಪ್ರೋಟೀನಿಗೆ ಅಂಟಿ ಅದನ್ನು ತೋರಿಸಿಕೊಡುವ ವಸ್ತು) ಗಡಿಯಾರವೇ ಮುಖ್ಯ.

ಹಿಂದಿನ ಸಂಜೆ ಹೆಣ್ಣಿಗೆ 500ರಿಂದ 800 ಯೂನಿಟ್ ಎಚ್‌ಸಿಜಿ (ಮೊಟ್ಟೆಯಿಡಿಸುವ ಹಾರ್ಮೋನು) ಚುಚ್ಚುತ್ತೇನೆ. ಬೆಳಿಗ್ಗೆ ಹಿಂಡಿದ ಮೊಟ್ಟೆಗೆ ವೃಷಣದ ಚೂರು ಸವರಿ, ಕೆಲವು ನಿಮಿಷ ಬಿಟ್ಟು 0.1 ಪಟ್ಟು ಎಂಎಂಆರ್ (ಲವಣದ ದ್ರಾವಣ) ಸುರಿಯುತ್ತೇನೆ. ಫಲಿತವಾದವು ಕಪ್ಪುಭಾಗ ಮೇಲಾಗುವಂತೆ ತಿರುಗುತ್ತವೆ. ಲೋಳೆ ತೆಗೆಯಲು 2% ಸಿಸ್ಟೀನ್, ಪಿಎಚ್ 7.8ರಿಂದ 8, ಸುಮಾರು ಐದು ನಿಮಿಷ. ಮೊಟ್ಟೆಗಳು ಒಂದಕ್ಕೊಂದು ಒತ್ತಿ ಕೂತ ತಕ್ಷಣ ತೊಳೆಯಬೇಕು, ತಡವಾದರೆ ಭ್ರೂಣ ಒಡೆಯುತ್ತದೆ.

22–23 ಡಿಗ್ರಿಯಲ್ಲಿ ಮೊದಲ ಸೀಳು (ಭ್ರೂಣದ ಕೋಶ ಎರಡಾಗುವುದು) ಸುಮಾರು 90 ನಿಮಿಷಕ್ಕೆ, ಆಮೇಲೆ ಸುಮಾರು 30 ನಿಮಿಷಕ್ಕೊಂದು. ಹನ್ನೆರಡನೆಯ ಸೀಳಿನ ಹೊತ್ತಿಗೆ ಮಿಡ್-ಬ್ಲಾಸ್ಟುಲಾ ಘಟ್ಟ. ಜೀನುಗಳ ಕೆಲಸ ಜೋರಾಗುವುದು ಅಲ್ಲಿಂದ. ಅದಕ್ಕೂ ಹಿಂದೆ ಕೋಶಕೇಂದ್ರ ಇರುವುದೇ ಆ 30 ನಿಮಿಷದ ಒಂದು ಭಾಗದಲ್ಲಿ ಮಾತ್ರ. ವಿಭಜನೆ ಮುಗಿದಾಗ ಕ್ರೋಮೋಸೋಮುಗಳ ಸುತ್ತ ಬಿಡಿಬಿಡಿಯಾಗಿ ಪೊರೆ ಕಟ್ಟಿ, ಆಮೇಲೆ ಅವೆಲ್ಲ ಒಂದಾಗುತ್ತವೆ. ಆ ಗೊಂಚಲನ್ನು ನೋಡಿ ಫಿಕ್ಸಿಂಗ್ (ಭ್ರೂಣವನ್ನು ಇದ್ದ ಸ್ಥಿತಿಯಲ್ಲೇ ರಾಸಾಯನಿಕದಿಂದ ನಿಲ್ಲಿಸುವುದು) ಕೆಟ್ಟಿತೆಂದು ಎಸೆಯುವವರಿದ್ದಾರೆ. ಎರಡು ಸೀಳುಗಳ ನಡುವೆ ಐದೈದು ನಿಮಿಷಕ್ಕೆ ಒಂದಷ್ಟು ಭ್ರೂಣ ಫಿಕ್ಸ್ ಮಾಡಿದರೆ ಸರಿಯಾದ ಘಳಿಗೆ ತಪ್ಪುವುದಿಲ್ಲ. ಕೋಣೆಯ ಉಷ್ಣತೆ ಇಳಿದರೆ ಲೆಕ್ಕವೆಲ್ಲ ಹಿಂದೆ ಬೀಳುತ್ತದೆ, ಹಾಗಾಗಿ ಇನ್‌ಕ್ಯುಬೇಟರ್ ಬೇಕೇಬೇಕು.

ಫಿಕ್ಸಿಂಗ್‌ಗೆ ಮೆಂಫಾ (ಫಾರ್ಮಾಲ್ಡಿಹೈಡ್ ಇರುವ ದ್ರಾವಣ), ಒಂದರಿಂದ ಎರಡು ಗಂಟೆ. ನಂತರ ಮೆಥನಾಲ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿಡುತ್ತೇನೆ. ಬಣ್ಣ ಹೋಗಿಸಲು ಮೆಥನಾಲ್ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್, ದೀಪದ ಕೆಳಗೆ. ಮೊಟ್ಟೆಯ ಹಳದಿ ದಟ್ಟವಾಗಿರುವುದರಿಂದ ಆಂಟಿಬಾಡಿ ಆಳಕ್ಕಿಳಿಯದು. ಬ್ಲೇಡಿನಿಂದ ಎರಡು ಹೋಳು ಮಾಡಿ, ಹಳದಿ ಕಡಿಮೆಯಿರುವ ಮೇಲ್ಭಾಗವನ್ನೇ ನೋಡಿ. ಪಾರದರ್ಶಕ ಮಾಡಲು ಬೆಂಜೈಲ್ ಬೆಂಜೋಯೇಟ್ ಎರಡು ಪಾಲು, ಬೆಂಜೈಲ್ ಆಲ್ಕೋಹಾಲ್ ಒಂದು ಪಾಲು. ಈ ಮಿಶ್ರಣ ಪ್ಲಾಸ್ಟಿಕ್ ಡಿಶ್ಶನ್ನು ಕರಗಿಸುತ್ತದೆ, ಗಾಜೇ ಆಗಬೇಕು.

ಫೈಬ್ರಿಲ್ಲಾರಿನ್ ಚುಕ್ಕೆ ಕಂಡಿತೆಂದು ನ್ಯೂಕ್ಲಿಯೋಲಸ್ ಕೆಲಸಕ್ಕಿಳಿದಿದೆ ಎನ್ನಲಾಗದು. ಜೊತೆಗೆ ಯುಬಿಎಫ್ ಎಂಬ ಪ್ರೋಟೀನಿನ ಆಂಟಿಬಾಡಿ ಹಾಕಿದರೆ ಆರ್‌ಡಿಎನ್‌ಎ (ರೈಬೋಸೋಮಲ್ ಆರ್‌ಎನ್‌ಎಯ ಜೀನುಗಳು) ಎಲ್ಲಿದೆಯೆಂದು ತಿಳಿಯುತ್ತದೆ. ಚುಕ್ಕೆಗಳು ಅದರ ಸುತ್ತ ಸೇರಿವೆಯೇ ಎಂಬುದೇ ಮುಖ್ಯ ಪ್ರಶ್ನೆ. ರೈಬೋಸೋಮಲ್ ಆರ್‌ಎನ್‌ಎ ತಯಾರಿ ನಿಲ್ಲಿಸಿ ನೋಡುವವರು ಆಲ್ಫಾ-ಅಮಾನಿಟಿನ್ ಕೊಟ್ಟು ಸಮಾಧಾನಪಡುವುದುಂಟು. ಅದು ತಡೆಯುವುದು ಆರ್‌ಎನ್‌ಎ ತಯಾರಿಸುವ ಕಿಣ್ವಗಳಲ್ಲಿ ಪಾಲಿಮರೇಸ್ II ಎಂಬುದನ್ನು, ಇಲ್ಲಿ ಬೇಕಾದ ಪಾಲಿಮರೇಸ್ I ಅನ್ನಲ್ಲ.

ನ್ಯೂಕ್ಲಿಯೋಲಸ್ ಇಲ್ಲದ ಮ್ಯೂಟೆಂಟ್ ಈ ಕೆಲಸಕ್ಕೆ ಅಮೂಲ್ಯ ಹೋಲಿಕೆ. ಅದು ರೈಬೋಸೋಮಲ್ ಆರ್‌ಎನ್‌ಎ ತಯಾರಿಸುವುದಿಲ್ಲವೆಂದು 1964ರಲ್ಲಿ ಬ್ರೌನ್ ಮತ್ತು ಗರ್ಡನ್ ತೋರಿಸಿದರು; ತಾಯಿಯ ರೈಬೋಸೋಮುಗಳಿಂದಲೇ ಗೊದಮೊಟ್ಟೆಯಾಗುವವರೆಗೂ ಬದುಕುತ್ತದೆ. ತಂದೆ-ತಾಯಿಯಿಂದ ಬಂದ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವ ಗೊದಮೊಟ್ಟೆಯನ್ನು ಗುರುತಿಸಲು ಬಾಲದ ತುದಿಯನ್ನು ಕವರ್‌ಸ್ಲಿಪ್ ಕೆಳಗೆ ಒತ್ತಿ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಸಾಕು: ಪ್ರತಿ ಕೋಶಕೇಂದ್ರದಲ್ಲೂ ಒಂದೇ ನ್ಯೂಕ್ಲಿಯೋಲಸ್. ಸಾಮಾನ್ಯದಲ್ಲಿ ಎರಡು. ಆದರೆ ಎರಡೂ ಬೆಸೆದು ಒಂದಾಗಿರುವ ಕೋಶಗಳೂ ಇರುತ್ತವೆ, ಆದ್ದರಿಂದ ಹಲವು ಕೋಶ ನೋಡದೆ ತೀರ್ಮಾನಿಸಬಾರದು.