ಅಪ್ಪನ ಡಿಸ್ಕಿನ ಬೀಗ ತೆಗೆದ ಬಗೆ

ನಮ್ಮ ಮನೆಯ ಅಟ್ಟದ ಮೇಲೆ, ಅಡಿಕೆ ಚೀಲಗಳ ಪಕ್ಕದಲ್ಲಿ, ಅಪ್ಪನ ಹಳೆಯ ಲ್ಯಾಪ್‌ಟಾಪ್ ಹದಿಮೂರು ಮಳೆಗಾಲಗಳನ್ನು ಕಳೆದಿತ್ತು. ಮೇಷ್ಟ್ರ ಕೆಲಸದಿಂದ ನಿವೃತ್ತರಾದ ವರ್ಷ, 2007ರಲ್ಲಿ, ಅವರು ಕೊಂಡುಕೊಂಡ ಯಂತ್ರ ಅದು. 2008ರಲ್ಲಿ ನಡೆದ ತಂಗಿಯ ಮದುವೆ, ಅಜ್ಜಿಯ ಕೊನೆಯ ಎರಡು ವರ್ಷಗಳು, ಬಿದ್ದುಹೋದ ಹಳೆಯ ಕೊಟ್ಟಿಗೆ, ಇವೆಲ್ಲದರ ಫೋಟೋಗಳು ಅದರಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರಲಿಲ್ಲ. ಆಲ್ಬಮ್ಮಿಗೆಂದು ಆಯ್ದ ಕೆಲವು ಚಿತ್ರಗಳನ್ನು ಸಿಡಿಗೆ ಹಾಕಿಸಿದ್ದೆವಾದರೂ ಮಲೆನಾಡಿನ ಥಂಡಿಗೆ ಆ ಸಿಡಿಗೂ ಬೂಷ್ಟು ಹಿಡಿದಿತ್ತು. ಅಪ್ಪ ತೀರಿಕೊಂಡ ಮೇಲೆ ಲ್ಯಾಪ್‌ಟಾಪನ್ನು ಪೇಟೆಯ ಅಂಗಡಿಯೊಂದಕ್ಕೆ ಒಯ್ದಾಗ, ಮದರ್‌ಬೋರ್ಡ್ ಸುಟ್ಟಿದೆ, ಡಿಸ್ಕೂ ಸತ್ತಿದೆ, ಬೇಕಿದ್ದರೆ ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ ಎಂದಿದ್ದರು. ಸತ್ತ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಹೇಗೆ ಎಂದು ಅಂದು ನಾವು ಯಾರೂ ಕೇಳಲಿಲ್ಲ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಊರಿನವರ ಯಂತ್ರಗಳನ್ನೆಲ್ಲ ಬಿಚ್ಚಿ ಜೋಡಿಸಿಕೊಟ್ಟರೂ ಸ್ವಂತ ಮನೆಯ ಅಟ್ಟ ಹತ್ತಲು ನನಗೆ ಕಳೆದ ವರ್ಷದ ಆಷಾಢವೇ ಬರಬೇಕಾಯಿತು. ಲ್ಯಾಪ್‌ಟಾಪಿನ ಅಡಿಯ ಎರಡು ತಿರುಪು ಬಿಚ್ಚಿ ಹೊರತೆಗೆದ ಡಿಸ್ಕು ಎರಡೂವರೆ ಇಂಚಿನದು, 160 ಜಿಬಿ, ಸಾಟಾ ಜೋಡಣೆಯದು. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದಾಗ ತಟ್ಟೆ ತಿರುಗುವ ಸಣ್ಣ ಗುಂಯ್ ಸದ್ದು ಸರಿಯಾಗಿಯೇ ಕೇಳಿಸಿತು, ಡಿಸ್ಕಿನ ಗಾತ್ರವೂ ಕಾಣಿಸಿತು. ಆದರೆ ಒಂದು ಸೆಕ್ಟರನ್ನೂ, ಅಂದರೆ ಮಾಹಿತಿಯ ಒಂದು ಸಣ್ಣ ತುಂಡನ್ನೂ ಓದಲಾಗದೆ, ಈ ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿತು. ಅಂಗಡಿಯವರು ಕಂಡದ್ದೂ ಇದನ್ನೇ ಇರಬೇಕು. ಆ ಪ್ರಶ್ನೆಗೆ ‘ಬೇಡ’ ಎಂದು ಉತ್ತರಿಸಿ ಕೇಬಲ್ ಕಿತ್ತೆ. ಹೆಸರು, ಗಾತ್ರ ಎಲ್ಲವನ್ನೂ ಸರಿಯಾಗಿ ಹೇಳುವ ಡಿಸ್ಕು ಓದಲು ಮಾತ್ರ ಸಂಪೂರ್ಣ ನಿರಾಕರಿಸುತ್ತಿದ್ದರೆ ಅದು ಸತ್ತಿರುವುದಕ್ಕಿಂತ ಬೀಗ ಹಾಕಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಪಾಸ್‌ವರ್ಡ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಬೀಗಗಳಲ್ಲಿ ಜಾತಿಗಳು ಬೇರೆ ಬೇರೆ. ವಿಂಡೋಸ್ ಎಕ್ಸ್‌ಪಿ ಶುರುವಾಗುವಾಗ ಕೇಳುವ ಪಾಸ್‌ವರ್ಡ್ ಮುಂಬಾಗಿಲ ಚಿಲಕವಷ್ಟೇ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಬಿಟ್‌ಲಾಕರಿನಂಥದ್ದು ಮಾಹಿತಿಯನ್ನೇ ಗೂಢಲಿಪಿಗೆ ತಿರುಗಿಸುತ್ತದೆ, ಅಲ್ಲಿ ಪಾಸ್‌ವರ್ಡ್ ಇಲ್ಲವೇ 48 ಅಂಕಿಗಳ ರಿಕವರಿ ಕೀ ಇಲ್ಲದಿದ್ದರೆ ಕೈಮುಗಿದು ಬರಬೇಕಾದದ್ದೇ. ಇವೆರಡರ ನಡುವಿನದು ಬಯಾಸ್, ಅಂದರೆ ಕಂಪ್ಯೂಟರ್ ಚಾಲೂ ಆದೊಡನೆ ಮೊದಲು ಓಡುವ ತಂತ್ರಾಂಶದ ಮೂಲಕ ಹಾಕುವ ಹಾರ್ಡ್ ಡಿಸ್ಕ್ ಪಾಸ್‌ವರ್ಡ್. ಇದರಲ್ಲಿ ಡಿಸ್ಕಿನ ಒಳಗೇ ಕೂತು ಅದನ್ನು ನಡೆಸುವ ತಂತ್ರಾಂಶ, ಅಂದರೆ ಫರ್ಮ್‌ವೇರೇ ಕಾವಲುಗಾರ. ಆ ಕಾಲದ ಸಾಮಾನ್ಯ ಡಿಸ್ಕುಗಳಲ್ಲಿ ಮಾಹಿತಿ ಇದ್ದ ಹಾಗೆಯೇ ಇರುತ್ತದೆ, ಆದರೆ ಸರಿಯಾದ ಪಾಸ್‌ವರ್ಡ್ ಬರುವವರೆಗೆ ಫರ್ಮ್‌ವೇರ್ ಒಂದು ಸೆಕ್ಟರನ್ನೂ ಕೊಡುವುದಿಲ್ಲ. ಪಾಸ್‌ವರ್ಡ್ ಸಾಮಾನ್ಯವಾಗಿ ತಟ್ಟೆಯ ಮೇಲಿನ ಕಾಯ್ದಿರಿಸಿದ ಜಾಗದಲ್ಲಿಯೇ ಇರುವುದರಿಂದ ಡಿಸ್ಕಿನ ಕೆಳಗಿನ ಹಸಿರು ಬೋರ್ಡನ್ನು ಬದಲಾಯಿಸಿಯೂ ಪ್ರಯೋಜನವಾಗದು.

ನಮ್ಮದು ಈ ಜಾತಿಯದೇ ಎಂದು ಖಚಿತಪಡಿಸಿಕೊಳ್ಳಲು ಯುಎಸ್‌ಬಿ ಕೇಸನ್ನು ಬದಿಗಿಟ್ಟೆ. ಅಂಥ ಅನೇಕ ಕೇಸುಗಳು ಬೀಗಕ್ಕೆ ಸಂಬಂಧಿಸಿದ ಆದೇಶಗಳನ್ನು ಡಿಸ್ಕಿಗೆ ದಾಟಿಸುವುದೇ ಇಲ್ಲ. ಕಾಲೇಜಿನ ಹಳೆಯ ಡೆಸ್ಕ್‌ಟಾಪೊಂದರ ಸಾಟಾ ಕಿಂಡಿಗೆ ಡಿಸ್ಕನ್ನು ನೇರವಾಗಿ ಜೋಡಿಸಿ, ಪೆನ್ ಡ್ರೈವಿನಿಂದ ಲಿನಕ್ಸ್ ಶುರುಮಾಡಿ, ‘ಎಚ್‌ಡಿಪಾರ್ಮ್’ ಎಂಬ ಆದೇಶದಿಂದ ಡಿಸ್ಕಿನ ಜಾತಕ ತೆಗೆದೆ. ಸೆಕ್ಯುರಿಟಿ ಎಂಬ ಭಾಗದಲ್ಲಿ ‘ಎನೇಬಲ್ಡ್’, ‘ಲಾಕ್ಡ್’, ಅವುಗಳ ಕೆಳಗೆ ‘ನಾಟ್ ಫ್ರೋಜನ್’ ಎಂದಿತ್ತು. ಮೊದಲೆರಡು ನಿರೀಕ್ಷಿಸಿದ್ದೇ. ಮೂರನೆಯದರ ಅರ್ಥ, ಡೆಸ್ಕ್‌ಟಾಪಿನ ಬಯಾಸ್ ಬೀಗದ ಆದೇಶಗಳನ್ನು ಹೆಪ್ಪುಗಟ್ಟಿಸಿಲ್ಲ ಎಂದು.

ಇಲ್ಲಿಗೆ ಯಂತ್ರದ ಕೆಲಸ ನಿಂತು ಮನುಷ್ಯರ ಕೆಲಸ ಆರಂಭವಾಯಿತು. ಡಿಸ್ಕು ಐದು ತಪ್ಪು ಪಾಸ್‌ವರ್ಡುಗಳನ್ನು ಸಹಿಸುತ್ತದೆ. ಆಮೇಲೆ ವಿದ್ಯುತ್ ತೆಗೆದು ಮತ್ತೆ ಕೊಡುವವರೆಗೆ ಸರಿಯಾದದ್ದನ್ನು ಕೊಟ್ಟರೂ ಕೇಳಿಸಿಕೊಳ್ಳುವುದಿಲ್ಲ. ಏನೂ ಅಳಿದುಹೋಗುವುದಿಲ್ಲವಾದರೂ, ಮುದಿ ಡಿಸ್ಕನ್ನು ಪ್ರತಿ ಐದು ಯತ್ನಕ್ಕೊಮ್ಮೆ ನಿಲ್ಲಿಸಿ ತಿರುಗಿಸುವುದು ಅದರ ಆಯುಷ್ಯಕ್ಕೆ ಒಳ್ಳೆಯದಲ್ಲ. ಆದ್ದರಿಂದ ಊಹೆಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳುವುದೆಂದು ನಿಶ್ಚಯಿಸಿ ಊರಿಗೆ ಹೋದೆ. ಅಪ್ಪನ ಖಾಸಗಿ ಪತ್ರಗಳೂ ಅದರಲ್ಲಿರಬಹುದು, ತೆರೆಯಲೇ ಎಂದು ಅಮ್ಮನನ್ನು ಕೇಳಿದೆ. “ನಿನ್ನಪ್ಪ ಬಚ್ಚಿಡೋ ಅಂಥಾದ್ದು ಏನಿತ್ತು ಮಾರಾಯ? ಅದಕ್ಕೂ ಪುಟ್ಟಿ ಹೆಸರನ್ನೇ ಇಟ್ಟಿರ್ತಾರೆ, ನೋಡು” ಎಂದರು. ಪುಟ್ಟಿ ಎಂದರೆ ತಂಗಿ. ಅಪ್ಪನ 2007ರ ಡೈರಿಯ ಹಿಂಬದಿಯಲ್ಲಿ, ಗ್ಯಾಸ್ ಪುಸ್ತಕದ ನಂಬರಿನ ಕೆಳಗೆ, ‘ಲ್ಯಾಪ್‌ಟಾಪ್ – ಪುಟ್ಟಿ’ ಎಂದು ಅವರ ದುಂಡು ಕನ್ನಡ ಅಕ್ಷರಗಳಲ್ಲಿ ಬರೆದದ್ದೂ ಸಿಕ್ಕಿತು.

ಕೆಲಸ ಮುಗಿಯಿತೆಂದೇ ಭಾವಿಸಿ ಶಿವಮೊಗ್ಗಕ್ಕೆ ಮರಳಿದೆ. ಪುಟ್ಟಿ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ರೀತಿ ಬರೆಯಬಹುದೋ ಅಷ್ಟನ್ನೂ ಕೊಟ್ಟೆ: ಒಂದು ‘ಟಿ’, ಎರಡು ‘ಟಿ’, ಕೊನೆಗೆ ‘ವೈ’, ದೊಡ್ಡಕ್ಷರ, ಸಣ್ಣಕ್ಷರ, ಹಿಂದೆ ತಂಗಿಯ ಜನ್ಮವರ್ಷ. ನಾಲ್ಕು ಸಲ ಡಿಸ್ಕನ್ನು ನಿಲ್ಲಿಸಿ ಎಬ್ಬಿಸಿದ ಮೇಲೂ ‘ಲಾಕ್ಡ್’ ಎಂಬ ಪದ ಕದಲಲಿಲ್ಲ.

ಎರಡು ವಾರ ಅದನ್ನು ಮುಟ್ಟಲಿಲ್ಲ. ಆಮೇಲೊಂದು ಭಾನುವಾರ ಅದೇ ಡೈರಿಯನ್ನು ಸುಮ್ಮನೆ ತಿರುವಿಹಾಕುತ್ತಿದ್ದಾಗ ಜೂನ್ ತಿಂಗಳ ಪುಟದಲ್ಲಿ ಅಪ್ಪ ಎಳೆದ ಕೋಷ್ಟಕವೊಂದು ಕಾಣಿಸಿತು. ಎಡಗಡೆ ಕನ್ನಡ ಅಕ್ಷರ, ಬಲಗಡೆ ಕೀಲಿ: ಟ ಎಂದರೆ ‘ಕ್ಯೂ’, ಡ ಎಂದರೆ ‘ಡಬ್ಲ್ಯೂ’, ಒತ್ತಕ್ಷರಕ್ಕೆ ನಡುವೆ ‘ಎಫ್’. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಕೀಲಿಮಣೆ ಅದು, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅಪ್ಪ ಇಂಗ್ಲಿಷ್ ಟೈಪಿಂಗ್ ಕಲಿತವರೇ ಅಲ್ಲ. ಅರವತ್ತರ ಹತ್ತಿರ ಬಂದ ಮೇಲೆ, ಶಾಲೆಯ ಕಂಪ್ಯೂಟರಿನಲ್ಲಿ ನುಡಿಯ ಮೂಲಕವೇ ಬೆರಳು ಪಳಗಿಸಿಕೊಂಡವರು. ಅವರ ಕೈಗೆ ಪುಟ್ಟಿ ಎಂದರೆ ‘ಪಿ, ಯು, ಕ್ಯೂ, ಎಫ್, ಕ್ಯೂ, ಐ’. ಪ ಮತ್ತು ಉಕಾರ, ಟ, ಒತ್ತು, ಮತ್ತೊಂದು ಟ, ಕೊನೆಯಲ್ಲಿ ಗುಡಿಸು. ಬಯಾಸಿಗೆ ನುಡಿ ಗೊತ್ತಿಲ್ಲದಿದ್ದರೇನು, ಬೆರಳಿಗೆ ಗೊತ್ತಿತ್ತಲ್ಲ!

ಆ ರಾತ್ರಿಯೇ ಆರು ಅಕ್ಷರಗಳನ್ನು ಕೊಟ್ಟೆ. ಬೀಗ ತೆರೆಯಲಿಲ್ಲ. ಇಲ್ಲಿ ನಾನು ಸೋಲೊಪ್ಪಿಕೊಂಡಿದ್ದರೆ ಅದು ಅಜ್ಞಾನದ ಸೋಲಾಗುತ್ತಿತ್ತು, ಏಕೆಂದರೆ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಕೆಲವು ನಾವು ಒತ್ತಿದ ಅಕ್ಷರವನ್ನು ಅಕ್ಷರವಾಗಿ ಡಿಸ್ಕಿಗೆ ಕಳಿಸುವುದಿಲ್ಲ. ಕೀಲಿಮಣೆಯಲ್ಲಿ ಆ ಕೀಲಿಗೆ ಇರುವ ಸ್ಥಾನಸಂಖ್ಯೆಯನ್ನು, ಅಂದರೆ ಸ್ಕ್ಯಾನ್ ಕೋಡನ್ನು ಕಳಿಸುತ್ತವೆ. ಇನ್ನು ಕೆಲವು ಪಾಸ್‌ವರ್ಡನ್ನು ಬೇರೆ ಲೆಕ್ಕಾಚಾರಕ್ಕೆ ಒಳಪಡಿಸಿ ಕಳಿಸುತ್ತವೆ. ಅಂಥದ್ದಾಗಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದೇ ಮಾದರಿಯ ಹಳೆಯ ಲ್ಯಾಪ್‌ಟಾಪೊಂದನ್ನು ಹುಡುಕಿ, ಡಿಸ್ಕನ್ನು ಅದಕ್ಕೆ ಹಾಕಿ ಪಾಸ್‌ವರ್ಡ್ ಒತ್ತುವುದೇ ನೇರವಾದ ದಾರಿ. ಅದಕ್ಕೆ ಹೊರಡುವ ಮುನ್ನ ಸ್ಕ್ಯಾನ್ ಕೋಡನ್ನು ನೋಡಿಬಿಡೋಣವೆಂದುಕೊಂಡೆ. ಹದಿನಾರರ ಎಣಿಕೆಯಲ್ಲಿ ‘ಪಿ’ಗೆ 19, ‘ಯು’ಗೆ 16, ‘ಕ್ಯೂ’ಗೆ 10, ‘ಎಫ್’ಗೆ 21, ‘ಐ’ಗೆ 17. ಒಟ್ಟು ಆರು ಬೈಟುಗಳು: 19, 16, 10, 21, 10, 17. ಇವು ಕೈಯಿಂದ ಟೈಪಿಸಲು ಬಾರದ ನಿಯಂತ್ರಣ ಚಿಹ್ನೆಗಳೂ ಬೆರೆತ ಸಂಖ್ಯೆಗಳಾದ್ದರಿಂದ ಲಿನಕ್ಸಿನ ‘ಪ್ರಿಂಟ್‌ಎಫ್’ ಆದೇಶದಿಂದ ಅವನ್ನು ಹುಟ್ಟಿಸಿ ಎಚ್‌ಡಿಪಾರ್ಮಿಗೆ ಉಣಿಸಬೇಕಾಯಿತು. ಡಿಸ್ಕನ್ನು ಪೂರ್ತಿ ಅಳಿಸುವ ಆದೇಶವೂ ಅದೇ ಎಚ್‌ಡಿಪಾರ್ಮಿನಲ್ಲಿ, ಹೆಚ್ಚುಕಡಿಮೆ ಅದೇ ರೂಪದಲ್ಲಿ ಇದೆ. ಹಾಗಾಗಿ ಸಾಲನ್ನು ಮೊದಲು ಕಾಗದದಲ್ಲಿ ಬರೆದು, ಎರಡು ಸಲ ಓದಿ, ಅನಂತರ ಎಂಟರ್ ಒತ್ತಿದೆ. ಮತ್ತೆ ಜಾತಕ ತೆಗೆದು ನೋಡಿದಾಗ ‘ನಾಟ್ ಲಾಕ್ಡ್’ ಎಂದಿತ್ತು.

ಈಗ ಪಾಸ್‌ವರ್ಡನ್ನು ಶಾಶ್ವತವಾಗಿ ತೆಗೆದುಹಾಕುವ ಆಸೆ ಯಾರಿಗಾದರೂ ಆಗುತ್ತದೆ. ನಾನು ತೆಗೆಯಲಿಲ್ಲ. ತೆರೆದ ಬೀಗ ವಿದ್ಯುತ್ ಇರುವವರೆಗೆ ತೆರೆದೇ ಇರುತ್ತದೆ, ಮುದಿ ಡಿಸ್ಕಿನ ಮೇಲೆ ಅನಗತ್ಯವಾಗಿ ಏನನ್ನಾದರೂ ಬರೆಯಿಸುವ ಅಪಾಯ ನನಗೆ ಬೇಕಿರಲಿಲ್ಲ. ಫೋಲ್ಡರುಗಳನ್ನು ತೆರೆದು ನೋಡುವ ಚಪಲವನ್ನೂ ತಡೆದುಕೊಂಡು, ಯುಪಿಎಸ್ ಇದೆಯೆಂದು ಖಾತ್ರಿಪಡಿಸಿಕೊಂಡು, ‘ಡಿಡಿರೆಸ್ಕ್ಯೂ’ ಮೂಲಕ ಇಡೀ ಡಿಸ್ಕಿನ ಪಡಿಯಚ್ಚನ್ನು ಹೊಸ ಡಿಸ್ಕಿಗೆ ಇಳಿಸತೊಡಗಿದೆ. ಈ ತಂತ್ರಾಂಶದ ಜಾಣತನವೆಂದರೆ, ಓದಲು ಸುಲಭವಾದ ಜಾಗಗಳನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದವನ್ನು ನಕ್ಷೆಯ ಕಡತವೊಂದರಲ್ಲಿ ಗುರುತು ಹಾಕಿಟ್ಟು, ಆಮೇಲೆ ಅವುಗಳಿಗೆ ಮಾತ್ರ ಹಿಂದಿರುಗುತ್ತದೆ. ನಡುವೆ ಕರೆಂಟು ಹೋದರೂ ನಿಲ್ಲಿಸಿದಲ್ಲಿಂದ ಮುಂದುವರಿಯಬಹುದು. ಮೊದಲ ಸುತ್ತು ಒಂದೂವರೆ ಗಂಟೆಯಲ್ಲಿ ಮುಗಿದಾಗ ಸುಮಾರು 38 ಎಂಬಿ ಬಾಕಿ ಇತ್ತು. ಡಿಸ್ಕು ಆಗೊಮ್ಮೆ ಈಗೊಮ್ಮೆ ಟಕ್ ಟಕ್ ಎನ್ನುತ್ತಿದ್ದುದರಿಂದ ಒಂದು ಸಣ್ಣ ಫ್ಯಾನನ್ನು ಅದರತ್ತ ತಿರುಗಿಸಿ, ಉಳಿದ ಸುತ್ತುಗಳನ್ನು ರಾತ್ರಿಯಿಡೀ ನಡೆಯಲು ಬಿಟ್ಟೆ. ಬೆಳಿಗ್ಗೆ ಒಂದು ಎಂಬಿಗಿಂತಲೂ ಕಡಿಮೆ ಉಳಿದಿತ್ತು. ಅಲ್ಲಿಗೆ ಅಸಲಿ ಡಿಸ್ಕನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಮುಂದಿನ ಕೆಲಸವೆಲ್ಲ ಪಡಿಯಚ್ಚಿನ ಮೇಲೆಯೇ ನಡೆಯಿತು.

ಎಕ್ಸ್‌ಪಿ ಕಾಲದ ವಿಭಾಗಗಳು 63ನೆಯ ಸೆಕ್ಟರಿನಿಂದ ಶುರುವಾಗುತ್ತವೆ. ಸೆಕ್ಟರಿಗೆ 512 ಬೈಟಿನಂತೆ 32,256 ಬೈಟುಗಳನ್ನು ದಾಟಿಸಿ, ಓದಲು ಮಾತ್ರ ಎಂಬ ಷರತ್ತಿನೊಂದಿಗೆ ಪಡಿಯಚ್ಚನ್ನು ತೆರೆದೆ. ವಿಂಡೋಸಿನ ಪಾಸ್‌ವರ್ಡ್ ಅಡ್ಡ ಬರಲೇ ಇಲ್ಲ. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಸಾಲಾಗಿ ಸಿಕ್ಕವು. ಜಾಗ ಮಾಡಲೆಂದು ಅಪ್ಪ ಅಳಿಸಿದ್ದವುಗಳಲ್ಲಿ ಮುನ್ನೂರರಷ್ಟನ್ನು ‘ಫೋಟೋರೆಕ್’ ಹೆಕ್ಕಿ ಕೊಟ್ಟಿತು. ಫೋಟೋರೆಕ್ ಕಡತದ ಹೆಸರನ್ನು ನೋಡದೆ ಚಿತ್ರದ ಆರಂಭದ ಬೈಟುಗಳನ್ನು ಹುಡುಕುವುದರಿಂದ ಹೆಸರುಗಳು ಹೋಗಿ ಬರಿಯ ಅಂಕಿಗಳು ಬಂದವು. ಜೊತೆಗೆ ಇಂಟರ್ನೆಟ್ಟಿನ ಜಾಹೀರಾತು ಚಿತ್ರಗಳ ಹೊಟ್ಟೂ ಬಹಳ ಬಂತು.

ಮದುವೆಯ ಚಿತ್ರಗಳಲ್ಲಿ ಬೇರೆಯೇ ತೊಡಕಿತ್ತು. ಕ್ಯಾಮೆರಾದ ಬ್ಯಾಟರಿ ಇಳಿದು ಗಡಿಯಾರ ಮೊದಲಿಗೆ ಹೋಗಿದ್ದರಿಂದ, ವೈಶಾಖದ ಮದುವೆಯೆಲ್ಲ 2006ರ ಜನವರಿ 1ರ ನಸುಕಿನಲ್ಲಿ ನಡೆದಂತೆ ದಾಖಲಾಗಿತ್ತು. ನೆಂಟರ ಮೊಬೈಲುಗಳಿಂದ ಬಂದ ಚಿತ್ರಗಳ ಜೊತೆ ಇವನ್ನು ಕ್ರಮವಾಗಿ ಜೋಡಿಸಬೇಕಾದರೆ ನಿಜವಾದ ಗಳಿಗೆ ಗೊತ್ತಾಗಬೇಕು. ಅಮ್ಮ ಪೆಟ್ಟಿಗೆಯಿಂದ ಲಗ್ನಪತ್ರಿಕೆ ತೆಗೆದುಕೊಟ್ಟರು: 12-20ರ ಅಭಿಜಿನ್ ಲಗ್ನ. ಧಾರೆಯ ನೀರು ಬೀಳುತ್ತಿರುವ ಚಿತ್ರದಲ್ಲಿ ಕ್ಯಾಮೆರಾದ ಲೆಕ್ಕಕ್ಕೆ 4-10 ಆಗಿತ್ತು. ನಮ್ಮ ಪುರೋಹಿತರು ಮುಹೂರ್ತ ಮೀರಲು ಬಿಡುವವರಲ್ಲವಾದ್ದರಿಂದ ದಿನದ ಜೊತೆಗೆ ಆ ಎಂಟು ಗಂಟೆ ಹತ್ತು ನಿಮಿಷವನ್ನೂ, ಚಿತ್ರದೊಳಗಿನ ದಿನಾಂಕದಂಥ ವಿವರಗಳನ್ನು ತಿದ್ದುವ ‘ಎಕ್ಸಿಫ್‌ಟೂಲ್’ ಮೂಲಕ ಎಲ್ಲ ಚಿತ್ರಗಳಿಗೂ ಕೂಡಿಸಿದೆ, ನಕಲುಗಳ ಮೇಲೆ ಮಾತ್ರ.

ಫೋಲ್ಡರಿನಲ್ಲಿ ವರ್ಡ್ ಕಡತವೊಂದೂ ಇತ್ತು. ತೆರೆದರೆ ತಲೆಗೆ ಟೊಪ್ಪಿ, ಬುಡಕ್ಕೆ ಬಾಲ ಹಚ್ಚಿದ ಯೂರೋಪಿನ ಅಕ್ಷರಗಳ ಜಾತ್ರೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತ ಅದೆಂದು ಕಣ್ಣಿಗೇ ತಿಳಿಯುತ್ತಿತ್ತು. ಯೂನಿಕೋಡಿಗೆ ಪರಿವರ್ತಿಸಿದಾಗ, ಅಪ್ಪ ಪ್ರತಿ ಫೋಟೋದ ನಂಬರು ಹಾಕಿ ಅದರಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಬರೆದಿಟ್ಟ ಹನ್ನೊಂದು ಪುಟಗಳ ಪಟ್ಟಿ ಸಿಕ್ಕಿತು.

ಓದಲಾಗದೆ ಉಳಿದ ಸೆಕ್ಟರುಗಳು ಒಂಬತ್ತು ಚಿತ್ರಗಳ ಮೇಲೆ ಬಿದ್ದಿದ್ದವು. ಅವುಗಳಲ್ಲಿ 417ನೆಯದು ಮೇಲಿನ ಕಾಲುಭಾಗದಷ್ಟು ಹಂಚಿನ ಮಾಡು ಮತ್ತು ಆಕಾಶ, ಕೆಳಗೆಲ್ಲ ಬೂದು ಬಣ್ಣ. ಇಂಥ ಚಿತ್ರಗಳ ತಲೆಭಾಗದಲ್ಲಿ ಕ್ಯಾಮೆರಾ ತನ್ನ ಪುಟ್ಟ ಪರದೆಗೆಂದು 160×120 ಚುಕ್ಕಿಗಳ ಕಿರುಚಿತ್ರವೊಂದನ್ನು ಪ್ರತ್ಯೇಕವಾಗಿ ಇಟ್ಟಿರುತ್ತದೆ, ದೊಡ್ಡ ಚಿತ್ರ ಕೆಟ್ಟರೂ ಅದು ಉಳಿದಿರಬಹುದು. ಎಕ್ಸಿಫ್‌ಟೂಲಿನಿಂದ ಅದನ್ನು ಬೇರ್ಪಡಿಸಿದಾಗ ಅಂಚೆಚೀಟಿಗಿಂತ ತುಸು ದೊಡ್ಡದಾದ ಅಜ್ಜಿ ಕಾಣಿಸಿದರು. ಕಾಲು ಚಾಚಿ ಕುಳಿತಿದ್ದಾರೆ, ಮಡಿಲಲ್ಲಿ ಹಳದಿಯ ಏನೋ ಇದೆ. ದೊಡ್ಡದು ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತಾದ್ದರಿಂದ ಅಷ್ಟೇ ಗಾತ್ರದಲ್ಲಿ ಮುದ್ರಿಸಿ ಅಮ್ಮನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿ, ಕೈಯಲ್ಲಿರುವುದೇನು ಎಂದು ಕೇಳಿದರು. ಅಪ್ಪನ ಪಟ್ಟಿಯಲ್ಲಿ ಅದರ ಮುಂದೆ ಹೀಗಿತ್ತು: ‘417 – ಅಮ್ಮ, ಹಿತ್ತಿಲ ಕಟ್ಟೆಯಲ್ಲಿ, ಹಲಸಿನ ತೊಳೆ ಬಿಡಿಸುತ್ತಾ. ಬೆಳಕು ಸಾಲದು, ಮತ್ತೊಮ್ಮೆ ತೆಗೆಯಬೇಕು.’