ಮುಳುಗುವ ಬೋರ್ಡಿನ ಮೇಲೆ ಏಳಲು ಕಲಿತದ್ದು

ಮಂಡ್ಯ ಸೀಮೆಯ ನಮ್ಮೂರಿನ ತೋಟದ ಬಾವಿಯಲ್ಲಿ ಈಜು ಕಲಿಯುವಾಗ ದೊಡ್ಡಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು. ಬುರುಡೆ ಇರುವತನಕ ಕೈಕಾಲು ಹೇಗೆ ಬಡಿದರೂ ತಲೆ ನೀರಿನ ಮೇಲೇ ಇರುತ್ತಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಅದನ್ನು ಬಿಚ್ಚಿ ಮೆಟ್ಟಿಲ ಮೇಲಿಟ್ಟು, "ಇಳಿ ಮಗ, ನೀರೇ ಎತ್ಕತದೆ" ಅಂದರು. ಇಳಿದೆ. ಮುಳುಗಿದೆ. ಗಾಬರಿ ಬಿಟ್ಟು ಸುಮ್ಮನಾದ ಮೇಲೆ ನೀರು ನಿಜವಾಗಿಯೂ ಎತ್ತಿಕೊಂಡಿತು.

ಮೂವತ್ತು ವರ್ಷ ಕಳೆದ ಮೇಲೆ ಆ ಬಾವಿ ಮೆಟ್ಟಿಲ ಕಳವಳವೇ ಮತ್ತೆ ಹೊಟ್ಟೆಯಲ್ಲಿ ಎದ್ದದ್ದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ. ಫಾಸ್ಟರ್ ಸಿಟಿಯ ಥರ್ಡ್ ಅವೆನ್ಯೂ ದಡದಲ್ಲಿ 55 ಲೀಟರ್ ಗಾತ್ರದ ಹೊಸ ವಿಂಗ್ ಫಾಯಿಲ್ ಬೋರ್ಡನ್ನು ಕಂಕುಳಲ್ಲಿ ಹಿಡಿದು ನಿಂತಿದ್ದೆ. ನನ್ನ ತೂಕ 74 ಕೆಜಿ.

ನೋಡಿಲ್ಲದವರಿಗೆ ಹೇಳುತ್ತೇನೆ. ವಿಂಗ್ ಎಂದರೆ ಗಾಳಿ ತುಂಬಿದ, ಕೈಯಲ್ಲೇ ಹಿಡಿಯುವ ರೆಕ್ಕೆ. ಅದಕ್ಕೆ ಕಂಬವಿಲ್ಲ, ಹಗ್ಗವಿಲ್ಲ, ಬೋರ್ಡಿಗೂ ಅದಕ್ಕೂ ಜೋಡಣೆಯಿಲ್ಲ. ಬೋರ್ಡಿನ ಅಡಿಗೆ ಉದ್ದದ ಒಂದು ಕಾಲು, ಅದರ ತುದಿಯಲ್ಲಿ ವಿಮಾನದ ರೆಕ್ಕೆಯಂಥದೇ ಒಂದು ಪುಟ್ಟ ರೆಕ್ಕೆ, ಅದು ಫಾಯಿಲ್. ವೇಗ ಬಂದಾಗ ಫಾಯಿಲ್ ಬೋರ್ಡನ್ನೂ ಸವಾರನನ್ನೂ ನೀರಿನಿಂದ ಮೇಲಕ್ಕೆತ್ತುತ್ತದೆ. ಆಮೇಲೆ ಅಲೆಯ ಏಟಿಲ್ಲ, ಸದ್ದಿಲ್ಲ. 2019ರ ಸುಮಾರಿಗೆ ಈ ಗಾಳಿ ತುಂಬುವ ವಿಂಗ್‌ಗಳು ಅಂಗಡಿಗೆ ಬಂದವು. ಎರಡು ಮೂರು ವರ್ಷದಲ್ಲಿ ನಮ್ಮ ಕೊಲ್ಲಿಯ ತುಂಬ ಅವೇ ಆದವು.

ನಾನು ಕಲಿತದ್ದು 95 ಲೀಟರಿನ ಬೋರ್ಡಿನ ಮೇಲೆ. ಅದು ಬುರುಡೆ. ನಡು ನೀರಿನಲ್ಲೂ ಮಂಡಿಯೂರಿ ಕುಳಿತು ಗಾಳಿಗಾಗಿ ಕಾಯಬಹುದು. ಆದರೆ ಫಾಯಿಲ್ ಮೇಲೆ ಎದ್ದ ಮೇಲೆ ಅಷ್ಟು ದೊಡ್ಡ ಬೋರ್ಡು ಕಾಲಿಗೆ ಕಟ್ಟಿದ ಹಲಗೆಯ ಹಾಗೆ. ತಿರುವಿನಲ್ಲಿ ತಡವಾಗಿ ಬರುತ್ತದೆ, ಮೂತಿ ಅಲೆಗೆ ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ. ಸಣ್ಣ ಬೋರ್ಡು ಪಾದ ಹೇಳಿದ ಹಾಗೆ ಕೇಳುತ್ತದೆ, ನೀರಿಗೆ ತಾಗಿದರೂ ಚಿಮ್ಮಿ ಬಿಡಿಸಿಕೊಳ್ಳುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಒಂದೇ: ನಿಂತ ನೀರಿನಲ್ಲಿ ಅದು ನಿಮ್ಮನ್ನು ಹೊರುವುದಿಲ್ಲ.

ಎಷ್ಟು ಮುಳುಗುತ್ತೇನೆ ಅಂತ ಮೊದಲೇ ಲೆಕ್ಕ ಹಾಕಿದ್ದೆ. ನಾನು, ವೆಟ್‌ಸೂಟ್, ಜಾಕೆಟ್, ಹಾರ್ನೆಸ್ (ಸೊಂಟಪಟ್ಟಿ), ಬೋರ್ಡು, ಫಾಯಿಲ್, ವಿಂಗ್ ಎಲ್ಲ ಸೇರಿ ಸುಮಾರು 91 ಕೆಜಿ. ಕೊಲ್ಲಿಯ ಉಪ್ಪುನೀರು ಲೀಟರಿಗೆ 1.02 ಕೆಜಿ ಎಂದಿಟ್ಟುಕೊಂಡರೆ, ತೇಲಲು 89 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಬೋರ್ಡು 55, ಫಾಯಿಲ್ ಎರಡು ಲೀಟರ್ ಕೊಡುತ್ತದೆ. ಉಳಿದ 32 ಲೀಟರನ್ನು ನನ್ನ ಮೈಯೇ ಕೊಡಬೇಕು, ಅಂದರೆ ಕಾಲು, ತೊಡೆ, ಸೊಂಟ ಎಲ್ಲ ನೀರೊಳಗೆ. ಮಂಡಿಯೂರಿದರೆ ನೀರು ಹೊಟ್ಟೆಯ ಮಟ್ಟಕ್ಕೆ ಬರಬೇಕು. ನೀರಿಗಿಳಿದು ನೋಡಿದರೆ ಹೆಚ್ಚುಕಡಿಮೆ ಅಲ್ಲಿಗೇ ಬಂತು. ಈ ಲೆಕ್ಕದಿಂದ ನನಗೆ ಧೈರ್ಯ ಬಂದದ್ದು ನಿಜ: ಬೋರ್ಡು ತಳ ಕಾಣುವತನಕ ಇಳಿಯುವುದಿಲ್ಲ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಕುಳಿತುಕೊಳ್ಳಲು ಕಲಿಯಬೇಕು ಅಷ್ಟೆ.

ಆ "ಅಷ್ಟೆ"ಗೆ ಆರು ವಾರ ಹಿಡಿಯಿತು.

ಥರ್ಡ್ ಅವೆನ್ಯೂದಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಗಾಳಿ ನಂಬಿಕಸ್ತ. ಒಳನಾಡಿನ ಕಣಿವೆ ಕಾದು ಅಲ್ಲಿನ ಬಿಸಿಗಾಳಿ ಮೇಲೇಳುತ್ತದೆ. ತಣ್ಣನೆಯ ಪೆಸಿಫಿಕ್ ಗಾಳಿ ಸ್ಯಾನ್ ಬ್ರೂನೊ ಬಳಿಯ ಬೆಟ್ಟಗಳ ಸಂದಿಯಿಂದ ನುಗ್ಗಿ, ವಿಮಾನ ನಿಲ್ದಾಣ ದಾಟಿ ನಮ್ಮ ಕಡೆಗೆ ಬರುತ್ತದೆ. ಮೊದಲ ದಿನ 14 ನಾಟ್ (ಗಂಟೆಗೆ ಸುಮಾರು 26 ಕಿ.ಮೀ.) ಗಾಳಿಯಲ್ಲಿ 5 ಚದರ ಮೀಟರಿನ ವಿಂಗ್ ಹಿಡಿದು ಹೋದೆ. ಬೋರ್ಡಿನ ಮೇಲೆ ಒಂದು ಮಂಡಿ ಇಟ್ಟರೆ ಅದು ಒದ್ದೆ ಸಾಬೂನಿನ ಹಾಗೆ ಪಕ್ಕಕ್ಕೆ ಚಿಮ್ಮುತ್ತಿತ್ತು. ಎರಡೂ ಮಂಡಿ ಇಟ್ಟೆನೆಂದರೆ ವಿಂಗಿನ ತುದಿ ನೀರಿಗೆ ಸಿಕ್ಕಿ ಮಗುಚುತ್ತಿತ್ತು. ವಿಂಗ್ ಸರಿಯಾಯಿತೆಂದರೆ ಅಷ್ಟರಲ್ಲಿ ಬೋರ್ಡು ಗಾಳಿಯ ಕಡೆಗೆ ತಿರುಗಿರುತ್ತಿತ್ತು. ಒಂದೂವರೆ ಗಂಟೆಯಲ್ಲಿ ಒಮ್ಮೆಯೂ ಏಳಲಿಲ್ಲ. ತೋಳು ಸೋತು, ದಂಡೆಗೆ ಬಂದು ಬಂಡೆಯ ಮೇಲೆ ಕುಳಿತೆ.

ಎರಡನೆಯ ವಾರವೂ ಹೀಗೇ ಆದಾಗ ಮೂರು ಕೆಲಸವನ್ನು ಒಟ್ಟಿಗೆ ಕಲಿಯಲು ಹೊರಟದ್ದೇ ತಪ್ಪು ಅನ್ನಿಸಿತು. ಬೆಳಗಿನ ಹೊತ್ತು, ಗಾಳಿ ಏಳುವ ಮೊದಲು, ಊರೊಳಗಿನ ಲಗೂನಿಗೆ, ಅಂದರೆ ಅಲೆಯಿಲ್ಲದ ಕೆರೆಯಂಥ ನೀರಿಗೆ, ಬೋರ್ಡು ಮಾತ್ರ ಒಯ್ದೆ. ವಿಂಗ್ ಇಲ್ಲ. ಫಾಯಿಲ್ ತಳಕ್ಕೆ ತಾಗದಷ್ಟು ಆಳಕ್ಕೆ ಹೋಗಿ, ಬೋರ್ಡನ್ನು ಎರಡೂ ಕೈಯಿಂದ ಒತ್ತಿ ನೀರೊಳಗೆ ಇಳಿಸಿ, ಅದು ಮೇಲೆ ಬರುವ ಮೊದಲೇ ಎರಡು ಮಂಡಿಯನ್ನೂ ಒಟ್ಟಿಗೆ ಇಡುವುದು. ಇಷ್ಟೇ ಅಭ್ಯಾಸ. ಒಂದೊಂದೇ ಮಂಡಿ ಇಟ್ಟರೆ ಖಂಡಿತ ಓರೆಯಾಗುತ್ತದೆ. ಮೇಲೆ ಹತ್ತಬಾರದು, ಬೋರ್ಡನ್ನು ನಮ್ಮ ಕೆಳಕ್ಕೆ ತಂದುಕೊಳ್ಳಬೇಕು. ಈ ವ್ಯತ್ಯಾಸ ಮೈಗೆ ತಿಳಿದ ದಿನವೇ ಅರ್ಧ ಕೆಲಸ ಮುಗಿಯಿತು.

ಆಮೇಲೆ ಕೂರುವುದು. ನೀರೊಳಗಿನ ಬೋರ್ಡು ಅಲ್ಲಾಡಿದಾಗ ಗಟ್ಟಿಯಾಗಿ ಒತ್ತಿ ಹಿಡಿಯಲು ಹೋಗುತ್ತೇವೆ. ಒತ್ತಿದಷ್ಟೂ ಅದು ತಿರುಗಿ ತಳ್ಳುತ್ತದೆ. ಮಂಡಿಗಳ ನಡುವೆ ಭುಜದಷ್ಟು ಅಂತರ, ಬೆನ್ನು ನೆಟ್ಟಗೆ, ಸೊಂಟ ಸಡಿಲ, ಕಣ್ಣು ಎದುರಿನ ದಡದ ಮೇಲೆ. ಕೆಳಗೆ ನೋಡಿದರೆ ತಲೆಯ ಭಾರ ಮುಂದಕ್ಕೆ ಹೋಗಿ ಮೂತಿ ಮುಳುಗುತ್ತದೆ. ನಾಲ್ಕು ಬೆಳಗು ಹೋದೆ, ದಿನಕ್ಕೆ ಇಪ್ಪತ್ತು ನಿಮಿಷ. ಮೊದಲ ದಿನ ಮೂರು ಸೆಕೆಂಡು ನಿಂತರೆ ಹೆಚ್ಚು. ನಾಲ್ಕನೆಯ ದಿನ ಹೊಟ್ಟೆಮಟ್ಟದ ನೀರಿನಲ್ಲಿ ಒಂದು ನಿಮಿಷ ಅಲ್ಲಾಡದೆ ಕುಳಿತಿದ್ದೆ, ಬಾತುಕೋಳಿಗಳು ಪಕ್ಕದಲ್ಲೇ ಹಾದುಹೋದವು. ಅಂದು ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಆ ಒಂದು ನಿಮಿಷದ ವಿಚಾರವನ್ನೇ.

ಮತ್ತೆ ಕೊಲ್ಲಿಗೆ ಹೋದಾಗ 18 ನಾಟ್ ಗಾಳಿಯಿತ್ತು. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 12ರಿಂದ 18 ನಾಟ್‌ಗೆ ಹೋದರೆ ಬಲ ಒಂದೂವರೆಯಲ್ಲ, ಎರಡೂಕಾಲು ಪಟ್ಟು. ಸಣ್ಣ ಬೋರ್ಡು ಕಲಿಯುವವರು ಕಡಿಮೆ ಗಾಳಿಯ ದಿನ "ಸುಮ್ಮನೆ ನೋಡೋಣ" ಎಂದು ಹೋಗಬೇಡಿ. ಸಾಕಷ್ಟು ಗಾಳಿ ಇರುವ ದಿನವೇ ಹೋಗಿ, ಇರುವುದರಲ್ಲಿ ಸ್ವಲ್ಪ ದೊಡ್ಡ ವಿಂಗನ್ನೇ ಒಯ್ಯಿರಿ.

ಈಗ ನಾನು ಮಾಡುವ ಕ್ರಮ ಹೀಗೆ. ಗಾಳಿಗೆ ಬೆನ್ನು ಕೊಟ್ಟು ನೀರಿನಲ್ಲಿದ್ದೇನೆ. ಎದುರಿಗೆ ಬೋರ್ಡು ಗಾಳಿಗೆ ಅಡ್ಡಲಾಗಿ, ಅದರಾಚೆ ವಿಂಗ್. ವಿಂಗನ್ನು ಮೊದಲೇ ಸರಿಮುಖ ಮಾಡಿಕೊಂಡು ಅದರ ಮುಂದಿನ ಹಿಡಿಯನ್ನು ಮುಂದಿನ ಕೈಯಲ್ಲಿ, ಅಂದರೆ ಬೋರ್ಡಿನ ಮೂತಿಯ ಕಡೆಗಿರುವ ಕೈಯಲ್ಲಿ, ಹಿಡಿದಿರುತ್ತೇನೆ. ಹಿಂದಿನ ಕೈಯಿಂದ ಬೋರ್ಡನ್ನು ಒತ್ತಿ, ಲಗೂನಿನಲ್ಲಿ ಕಲಿತ ಹಾಗೆ ಎರಡೂ ಮಂಡಿಯ ಕೆಳಕ್ಕೆ ತಂದುಕೊಳ್ಳುತ್ತೇನೆ. ನೀರು ಹೊಟ್ಟೆಗೆ ಬಂದು ನಿಲ್ಲುತ್ತದೆ. ಈಗ ವಿಂಗನ್ನು ನೆತ್ತಿಯ ಮೇಲಕ್ಕೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಚಪ್ಪರದ ಹಾಗೆ ಚಪ್ಪಟೆಯಾಗಿ ಇಟ್ಟುಕೊಳ್ಳುವುದು.

ನನಗೆ ತಿಳಿಯದೆ ಹೋಗಿದ್ದ ಗುಟ್ಟು ಇಲ್ಲೇ ಇತ್ತು. ದೊಡ್ಡ ಬೋರ್ಡಿನ ಮೇಲೆ ವಿಂಗ್ ಮುಂದಕ್ಕೆ ಎಳೆಯುತ್ತದೆ, ಹೊರುವ ಕೆಲಸ ಬೋರ್ಡಿನದು. ಆ ಅಭ್ಯಾಸದಿಂದ ನಾನು ಮಂಡಿಯೂರಿದ ಕೂಡಲೇ ಹಿಂದಿನ ಕೈ ಎಳೆದು ಮುಂದಕ್ಕೆ ಹೋಗಲು ನೋಡುತ್ತಿದ್ದೆ. ನೀರೊಳಗಿನ ಬೋರ್ಡು ಮುಂದಕ್ಕೆ ಹೋಗುತ್ತಿರಲಿಲ್ಲ, ವಿಂಗ್ ನನ್ನನ್ನೇ ಮುಂದಕ್ಕೆ ಕೆಡವುತ್ತಿತ್ತು. ಸಣ್ಣ ಬೋರ್ಡಿನಲ್ಲಿ ವಿಂಗ್ ಮೊದಲು ಹೊರಬೇಕು, ಆಮೇಲೆ ಎಳೆಯಬೇಕು. ನೆತ್ತಿಯ ಮೇಲಿನ ವಿಂಗ್ ಹತ್ತು ಕೆಜಿ ಹೊತ್ತರೆ ಹತ್ತು ಲೀಟರಿನ ಬೋರ್ಡು ಹೆಚ್ಚಿಗೆ ಸಿಕ್ಕ ಹಾಗೆ. ತೋಳನ್ನು ನೀಳವಾಗಿ ಬಿಟ್ಟು ಅದಕ್ಕೆ ಜೋತು ಬೀಳಬೇಕು. ಹಾಗೆ ಜೋತುಬಿದ್ದ ಮೊದಲ ಸಲ ಹೊಟ್ಟೆಯ ನೀರು ಸೊಂಟಕ್ಕಿಳಿದದ್ದು ಸ್ಪಷ್ಟವಾಗಿ ಗೊತ್ತಾಯಿತು. ದೊಡ್ಡಪ್ಪ ನೀರೇ ಎತ್ಕತದೆ ಅಂದಿದ್ದರು. ಇಲ್ಲಿ ಗಾಳಿ.

ಹಾಗೆ ತೂಗಿಕೊಂಡು ಜೋರು ಬೀಸಿಗಾಗಿ ಕಾಯುತ್ತೇನೆ. ಗಾಳಿಯ ಕಡೆ ನೀರಿನ ಮೇಲೆ ಕಪ್ಪು ಛಾಯೆ ಓಡಿ ಬರುವುದು ಕಾಣುತ್ತದೆ. ಅದು ತಲುಪಿದಾಗ ಬೋರ್ಡಿನ ಮೂತಿಯನ್ನು ಗಾಳಿ ಹೋಗುವ ದಿಕ್ಕಿಗೆ ಸ್ವಲ್ಪ ಓರೆ ಮಾಡಿ, ಹಿಂದಿನ ಕೈಯನ್ನು ನಿಧಾನವಾಗಿ ಎಳೆಯುತ್ತೇನೆ. ಆ ಗಳಿಗೆಯಲ್ಲಿ ಮೂತಿ ತುಸು ಮೇಲಿರಬೇಕು. ನೀರೊಳಗಿನ ಬೋರ್ಡು ಗಾಳಿಪಟವಿದ್ದ ಹಾಗೆ: ಮೂತಿ ಮೇಲಿದ್ದರೆ ಹರಿವು ಅದನ್ನು ಮೇಲೆತ್ತುತ್ತದೆ, ಕೆಳಗಿದ್ದರೆ ವೇಗ ಬಂದಷ್ಟೂ ಆಳಕ್ಕೆ ಒಯ್ಯುತ್ತದೆ. ಅದಕ್ಕಾಗಿ ಮಂಡಿಗಳನ್ನು ನಾಲ್ಕು ಬೆರಳಷ್ಟು ಹಿಂದಕ್ಕೆ ಇಡುತ್ತೇನೆ. ಬೋರ್ಡು ಮೇಲ್ಮೈಗೆ ಬಂದು ನೀರು ಎರಡೂ ಬದಿಗೆ ಸುರಿದುಹೋದ ಕೂಡಲೇ ಭಾರವನ್ನು ಮುಂದಕ್ಕೆ ತಂದು ಸಮ ಮಾಡಬೇಕು. ತಡ ಮಾಡಿದರೆ ಬಾಲ ಮುಳುಗಿ ಮತ್ತೆ ಮೊದಲಿನಿಂದ.

ನಿಲ್ಲುವುದು ಕೊನೆಗೆ. ಅದರಲ್ಲಿ ಅವಸರ ಮಾಡಿದ್ದು ನನ್ನ ದೊಡ್ಡ ತಪ್ಪು. ಮೂತಿ ಕಂಡ ಕೂಡಲೇ ಕಾಲೆತ್ತುತ್ತಿದ್ದೆ. ಐವತ್ತು ದಾಟಿದ, ಬಹಳ ಕಾಲದಿಂದ ವಿಂಡ್‌ಸರ್ಫಿಂಗ್ ಮಾಡಿದ ಒಬ್ಬ ಮಹಿಳೆ ದಡದಿಂದ ನನ್ನ ಬೀಳುವಿಕೆಯನ್ನೆಲ್ಲ ನೋಡಿ, ಹತ್ತಿರ ಬಂದು, ಬೋರ್ಡು ಜಾರಲು ಶುರುವಾದ ಮೇಲೂ ಮನಸ್ಸಿನಲ್ಲಿ ಐದು ಎಣಿಸಿ ಆಮೇಲೆ ಏಳಿ ಎಂದರು. ಐದು ಎಣಿಸಿದೆ. ಮುಂದಿನ ಪಾದ, ಹಿಂದಿನ ಪಾದ. ಮೂರನೆಯ ಪ್ರಯತ್ನಕ್ಕೆ ಎದ್ದು ನಿಂತೆ. ವಿಂಗನ್ನು ಎರಡು ಸಲ ಜಗ್ಗಿದೆ, ಕಾಲ ಕೆಳಗಿನ ಸದ್ದು ನಿಂತುಹೋಯಿತು. ಸ್ಯಾನ್ ಮಟೇಯೊ ಸೇತುವೆಯ ಕಡೆಗೆ ಒಂದೇ ಸಮನೆ ಹೋಗುತ್ತಿದ್ದೆ. ನೀರಿನ ಮೇಲೆ ಇಳಿಯುತ್ತಿರುವಂತೆ ಕಾಣುವ ವಿಮಾನವೊಂದು ಪಕ್ಕದಲ್ಲೇ ಹೋಯಿತು. ಕಣ್ಣು ತುಂಬಿ ಬಂತು, ಗಾಳಿಯ ಹೊಡೆತಕ್ಕಲ್ಲ.

ನೀರಿನ ಹರಿವನ್ನೂ ನೋಡಿಕೊಳ್ಳಿ. ಕಡಲಿನ ಇಳಿತದ ಹೊತ್ತಿನಲ್ಲಿ ಇಲ್ಲಿ ಹರಿವು ಬಹುಮಟ್ಟಿಗೆ ಗಾಳಿಗೆ ಎದುರಾಗಿ ಹೋಗುತ್ತದೆ. ಅಲೆ ಚೂಪಾಗುತ್ತದೆ ನಿಜ, ಆದರೆ ಹರಿವು ನಮ್ಮನ್ನು ಗಾಳಿಯ ಎದುರಿಗೆ ತಳ್ಳುವುದರಿಂದ ವಿಂಗಿಗೆ ತಾಗುವ ಗಾಳಿ ಒಂದೆರಡು ನಾಟ್ ಹೆಚ್ಚುತ್ತದೆ, ಏಳುವುದು ಸುಲಭ. ಏರಿಕೆಯ ಹೊತ್ತಿನಲ್ಲಿ ನೀರು ನುಣುಪು, ಏಳುವುದು ಕಷ್ಟ. ತೀರಾ ಇಳಿದಾಗ ದಡದ ಬಳಿ ಕೆಸರೇ, ಫಾಯಿಲ್ ನೆಡುತ್ತದೆ.

ಒಂದು ಎಚ್ಚರಿಕೆಯನ್ನು ಮನಸ್ಸಿಟ್ಟು ಹೇಳಬೇಕು. ಸೆಪ್ಟೆಂಬರಿನ ಒಂದು ಸಂಜೆ ದಡದಿಂದ ಒಂದು ಕಿಲೋಮೀಟರ್ ದೂರದಲ್ಲಿದ್ದಾಗ ಗಾಳಿ ಹತ್ತು ನಿಮಿಷದಲ್ಲಿ ಸತ್ತುಹೋಯಿತು. ದೊಡ್ಡ ಬೋರ್ಡಾಗಿದ್ದರೆ ಮಂಡಿಯೂರಿ ವಿಂಗ್ ಬೀಸಿಕೊಂಡೇ ಬರಬಹುದಿತ್ತು. ಮುಳುಗುವ ಬೋರ್ಡಿನಲ್ಲಿ ಆ ದಾರಿ ಇಲ್ಲ. ಬೋರ್ಡಿನ ಮೇಲೆ ಎದೆಯಿಟ್ಟು ಮಲಗಿ, ವಿಂಗನ್ನು ಮೈಗೆ ಕಟ್ಟಿದ ಬಳ್ಳಿಯಿಂದ (ಲೀಶ್) ಹಿಂದೆ ಎಳೆದುಕೊಂಡು, ಕೈಯಿಂದ ನೀರು ಬಗೆಯುತ್ತ ಬಂದೆ. ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ಇಳಿದ ಜಾಗದಿಂದ ಬಹುದೂರ ದಡ ಸೇರಿದಾಗ ಕತ್ತಲಾಗಿತ್ತು, ಬೆರಳುಗಳು ಮರಗಟ್ಟಿದ್ದವು. ಜಲನಿರೋಧಕ ಚೀಲದಲ್ಲಿ ಫೋನ್ ಇದ್ದದ್ದರಿಂದ ಮನೆಗೆ ವಿಷಯ ತಿಳಿಸಲು ಆಯಿತು. ಅಂದಿನಿಂದ ಸಂಜೆ ಆರರ ಮೇಲೆ ಸಣ್ಣ ಬೋರ್ಡಿನಲ್ಲಿ ದೂರ ಹೋಗುವುದಿಲ್ಲ, ಹೊರಟ ಜಾಗಕ್ಕಿಂತ ಗಾಳಿ ಬರುವ ಕಡೆಗೇ ಇರುತ್ತೇನೆ. ದಡದಿಂದ ಹೊರಕ್ಕೆ ಬೀಸುವ ಗಾಳಿಯಲ್ಲಂತೂ ಈ ಬೋರ್ಡು ಹಿಡಿದು ಇಳಿಯಲೇಬಾರದು. ಹೆಲ್ಮೆಟ್, ಜಾಕೆಟ್ ತಪ್ಪಿಸಬೇಡಿ. ಬೀಳುವಾಗ ಬೋರ್ಡಿನಿಂದ ದೂರಕ್ಕೆ ಬೀಳಿ, ಫಾಯಿಲ್‌ನ ಅಂಚು ಕುಡುಗೋಲಿನಷ್ಟೇ ಹರಿತ.

ಯಾವಾಗ ಸಣ್ಣ ಬೋರ್ಡಿಗೆ ಹೋಗಬಹುದು ಎಂದು ಕೆಲವರು ಕೇಳುತ್ತಾರೆ. ದೊಡ್ಡ ಬೋರ್ಡಿನಲ್ಲಿ ಗಂಟೆಗೆ ಎಷ್ಟು ಸಲ ಬೀಳುತ್ತೀರಿ ಎಂದು ಎಣಿಸಿ. ಐದಾರಕ್ಕಿಂತ ಹೆಚ್ಚಿದ್ದರೆ ಇನ್ನೂ ಕಾಯಿರಿ, ಏಕೆಂದರೆ ಸಣ್ಣ ಬೋರ್ಡಿನಲ್ಲಿ ಬಿದ್ದಾಗಲೆಲ್ಲ ನೀರೊಳಗಿಂದ ಏಳಬೇಕು, ಪ್ರತಿ ಸಲವೂ ತೋಳಿನ ಶಕ್ತಿ ಖರ್ಚು. ಲೀಟರುಗಳನ್ನೂ ಒಂದೇ ಏಟಿಗೆ ಇಳಿಸಬೇಡಿ. ನಾನು 95ರಿಂದ ನೇರ 55ಕ್ಕೆ ಬಂದೆ. ನಡುವೆ 75ರ ಬೋರ್ಡೊಂದನ್ನು ಯಾರಿಂದಲಾದರೂ ಎರವಲು ತಂದಿದ್ದರೆ ಆ ಮೊದಲ ಎರಡು ವಾರದ ಸಂಕಟ ತಪ್ಪುತ್ತಿತ್ತು.

ಹಳೆಯ 95 ಲೀಟರಿನ ಬೋರ್ಡನ್ನು ನಾನು ಮಾರಿಲ್ಲ. ಗಾಳಿ 14 ನಾಟ್‌ಗಿಂತ ಕಡಿಮೆ ಇದ್ದ ದಿನ ಕಾರಿನ ಮೇಲೆ ಅದೇ ಇರುತ್ತದೆ. ಈ ಬೇಸಿಗೆಯಿಂದ ಹನ್ನೆರಡು ವರ್ಷದ ಮಗಳೂ ಅದರ ಮೇಲೆ ಮಂಡಿಯೂರಿ ಲಗೂನಿನಲ್ಲಿ ವಿಂಗ್ ಹಿಡಿಯಲು ಶುರುಮಾಡಿದ್ದಾಳೆ.